ಬಂಡೆಯಾಚೆಯ ದೇಶದ ಎರಡನೇ ಕತೆ

2003ರಲ್ಲಿ, ಏಳನೇ ಕ್ಲಾಸಿಗೆ, ನಾನು ಓದು ನಿಲ್ಲಿಸಿದೆ. ಈಗಲೂ ಹುಳು ಮನೆಯಲ್ಲಿ ಸುಣ್ಣದ ಪುಡಿ ಎರಚಿದರೆ ಆ ಮಧ್ಯಾಹ್ನದ ವಾಸನೆಯೇ ಬರುತ್ತದೆ.

ಅವತ್ತು ರೇಷ್ಮೆ ಹುಳುಗಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಕಳಚುವ ನಿದ್ದೆಗೆ, ಕೂತಿದ್ದವು. ಪೊರೆ ಬಿಡುವವರೆಗೆ ಅವಕ್ಕೆ ಸೊಪ್ಪು ಹಾಕುವಂತಿಲ್ಲ. ಅಂಥ ಬಿಡುವಿನಲ್ಲೇ ಅಕ್ಕ ಕತೆ ಕಟ್ಟುತ್ತಿದ್ದಳು. ಹಿಂದಿನ ಬೆಳೆಯಲ್ಲಿ ಹೇಳಿದ್ದ ಕತೆಯಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಸಾವನದುರ್ಗದ ಬಂಡೆಯ ಬಿರುಕಿನೊಳಗೆ ನುಗ್ಗಿ, ಆಚೆಯ ದೇಶವನ್ನು ಆಳಿ ಮನೆಗೆ ಬಂದಿದ್ದರು. ಅವತ್ತು ಎರಡನೇ ಭಾಗ ಶುರುವಾಯಿತು.

"ಈಗ ಇಬ್ರೂ ದೊಡ್ಡೋರಾಗವ್ರೆ. ಮತ್ತೆ ಒಳಕ್ಕೆ ಹೋದ್ರೆ ಯಾರೂ ಕೈ ಮುಗಿಯಲ್ಲ. ಸೊಪ್ಪು ಕೊಯ್ಯಕ್ಕೆ ಬತ್ತದಾ ಅಂತಾರೆ."

"ಅವನು ರಾಜ ಕಣಕ್ಕಾ!"

"ಬುಟ್ಟೋದ ರಾಜನ್ನ ಎಷ್ಟು ದಿನ ಕಾಯ್ತಾರ್ಲಾ? ಅವರ್ಗೂ ಬದುಕಿಲ್ವಾ?"

ಅಷ್ಟರಲ್ಲಿ ಅವ್ವ ಬಾಗಿಲಿಗೆ ಬಂದು ನಿಂತಳು. "ನಿಮ್ಮಪ್ಪ ಹಾರೋಹಳ್ಳಿ ಫ್ಯಾಕ್ಟ್ರಿಗೆ ಸೇರ್ಕಂಡ್ರು. ತೋಟಕ್ಕೆ ಒಂದು ಆಳು ಬೇಕು. ನಿಮ್ಮಿಬ್ರಲ್ಲಿ ಒಬ್ರು ಇಸ್ಕೂಲು ಬುಡ್ಬೇಕು ಕಣ್ರಪ್ಪಾ," ಅಂದಳು. ಅಕ್ಕನನ್ನೇ ನೋಡಿ ಅಂದಳು.

ಅಕ್ಕ ಹುಳುವಿನ ತಟ್ಟೆಯ ಅಂಚಿನ ಸುಣ್ಣವನ್ನು ಬೆರಳಿನಿಂದ ಒರೆಸುತ್ತ ಕೂತಳು. ನನಗೆ ಅಳು ಬರಲಿಲ್ಲ, ಏನೂ ಅನ್ನಿಸಲೂ ಇಲ್ಲ.

"ಆ ತಮ್ಮ ಅಲ್ಲೇ ಸೊಪ್ಪು ಕೊಯ್ಕಂಡು ಇರ್ಲಿ ಬುಡಕ್ಕಾ," ಅಂದೆ. "ಅವಳು ವಾಪಸ್ ಬಂದು ಓದ್ಲಿ."

ಅಕ್ಕ ಕತೆ ಮುಂದುವರಿಸಲಿಲ್ಲ. ಸಂಜೆಗೆ ಹುಳು ಪೊರೆ ಬಿಟ್ಟು ಎದ್ದವು. ನಾನು ಕುಡುಗೋಲು ಹಿಡಿದು ತೋಟಕ್ಕೆ ಹೋದೆ.

ಈಗ ನನಗೆ ಎರಡು ಎಕರೆ ಹಿಪ್ಪುನೇರಳೆ ತೋಟ, ನಾನೇ ಕಟ್ಟಿದ ಒಂದು ಹುಳು ಮನೆ, ಮೂರು ಹಸು, ಇಬ್ಬರು ಮಕ್ಕಳು, ಮಾಗಡಿಯಲ್ಲಿ ಟೀಚರ್ ಆಗಿರುವ ಒಬ್ಬಳು ಅಕ್ಕ.