ಕೊನೆಯ ನುಡಿ

ರೊಟ್ಟಿ ಬಡಿಯುವ ಸದ್ದು ಎಲ್ಲೇ ಕೇಳಿಸಲಿ, ಬೇಡಕಿಹಾಳದ ನಮ್ಮ ಅಡುಗೆಮನೆಯ ಆ ಮಧ್ಯಾಹ್ನ ಎದುರು ಬಂದು ನಿಲ್ಲುತ್ತದೆ.

ಮೊಹರಮ್ಮಿಗೆಂದು ಅವ್ವ ಹೊಸ ಪದ ಕಟ್ಟಿದ್ದಳು. ಹಾಡುವ ಮೇಳದ ಮಲ್ಲಪ್ಪಕಾಕಾ ಅದನ್ನು ಕಲಿಯಲು ಬಂದು ಹೊಸ್ತಿಲ ಬಳಿ ಕುಳಿತಿದ್ದ. ಅವ್ವ ರೊಟ್ಟಿ ಬಡಿಯುತ್ತಲೇ ತಾಳ ಹಿಡಿದು, ಒಂದೊಂದೇ ಸಾಲನ್ನು ಮೆಲ್ಲಗೆ ಹೇಳಿಕೊಟ್ಟಳು. ಕಾಕಾ ದನಿಯೆತ್ತಿ ಹಾಡಿದಾಗ ಓಣಿಯ ಜನ ಬಾಗಿಲಿಗೆ ಬಂದು ನಿಂತರು.

“ಕಡೀ ನುಡಿಯಾಗ ಕಟ್ಟಿದವರ ಹೆಸರ ಬರಬೇಕಲ್ಲ ಭಾಬಿ, ನಿಮ್ಮ ಹೆಸರ ಹಾಕೂಣೇನ್ರಿ?” ಎಂದು ಕೇಳಿದ.

ಅವ್ವ ಬಾಗಿಲಿನತ್ತ ನೋಡಿ, ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡಳು. “ಬ್ಯಾಡಪ್ಪಾ, ಊರ ಹೆಸರ ಹಾಕ. ಸಾಕ.”

ಅವ್ವ ಹೋದ ಮೇಲೂ ಮೇಳದವರು ಆ ಪದ ಹಾಡುತ್ತಾರೆ. ಕೊನೆಯ ನುಡಿಯಲ್ಲಿ ‘ಬೇಡಕಿಹಾಳ’ ಬಂದೊಡನೆ ಊರವರ ಮುಖ ಅರಳುತ್ತದೆ. ನನಗೆ ಮಾತ್ರ ಯಾರೋ ಅವ್ವನನ್ನು ಕರೆದಂತಾಗುತ್ತದೆ.