ಸೋಮವಾರದ ರೀಡಿಂಗ್

"ಮತ್ತ ಹದಿನೈದು ತೋರಸ್ಲತದ್ರಿ ಸರ್," ಎಂದು ಸಂಗಮನಾಥ ಕಾರಿನಿಂದ ಇಳಿಯುವ ಮೊದಲೇ ಹೇಳಿದ. ಇದು ಮೂರನೇ ಸೋಮವಾರ.

ಕೇಶವಮೂರ್ತಿ ಲಾಗ್ ಬುಕ್ ತೆರೆದರು. ನಾಸಿಕ್ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಎಂಜಿನ್ ಪರೀಕ್ಷಿಸಿ, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ನಾಸಿಕ್‌ನಲ್ಲಿ ಗ್ಯಾರೇಜ್ ಹಾಕಿದ ಮೈಸೂರಿನ ಮನುಷ್ಯ. ಇಲ್ಲಿಯೂ ಪ್ರತಿ ಗಾಡಿಗೊಂದು ಪುಸ್ತಕ: ದೋಷ, ಕಾರಣ, ಪರಿಹಾರ, ಸಹಿ. ಬರೆಯುತ್ತಿದ್ದದ್ದು ಕನ್ನಡದಲ್ಲಿ. ಆ ಪೇಟೆಯಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಕಾರ್ಖಾನೆಯಲ್ಲಿ ಕಾರಣ ತಿಳಿಯದೆ ಒಂದು ಸಹಿಯನ್ನೂ ಹಾಕಿದವರಲ್ಲ. ಈ ಕಾರಿಗೆ ಮಾತ್ರ ಎರಡು ಸಲ ಹಾಕಿದ್ದರು, ಎರಡು ಸಲವೂ ಮುಖಭಂಗವಾಗಿತ್ತು. ಮೊದಲ ವಾರ ಗಾಳಿ-ಪೆಟ್ರೋಲಿನ ಪಾಲು ತೋರಿಸುವ ಮೀಟರೇ ಸುಳ್ಳು ಹೇಳುತ್ತಿದೆಯೆಂದು ಅದರ ಸೆನ್ಸರ್ ಬದಲಿಸಿದರು. ಎರಡನೇ ವಾರ ಎಂಜಿನ್ನಿಗೆ ಗಾಳಿ ಊದುವ ಟರ್ಬೊ ಪೈಪಿಗೆ ಸೋಪಿನ ನೀರು ಹಾಕಿ ಸೋರಿಕೆ ಹುಡುಕಿ, ಕ್ಲಿಪ್ಪುಗಳನ್ನು ಬಿಗಿ ಮಾಡಿದರು. ಒಂದೆರಡು ದಿನ ಓಡಿದ ಮೇಲೆ ರೀಡಿಂಗ್ ಸರಿಯಾಗುತ್ತಿತ್ತು. ರಿಪೇರಿ ಫಲಿಸಿತೆಂದು ಇಬ್ಬರೂ ನಂಬುತ್ತಿದ್ದರು.

ಟರ್ಬೊ ಜೋರಾಗಿ ಊದುವಾಗ ಒಂದು ಪಾಲು ಪೆಟ್ರೋಲಿಗೆ ಹನ್ನೆರಡು ಪಾಲು ಗಾಳಿ ಸಾಕು. ಹದಿನೈದಾದರೆ ಎಂಜಿನ್ ಅರೆಹೊಟ್ಟೆಯಲ್ಲಿ ದುಡಿಯುತ್ತದೆ. ಟ್ರಕ್ಕೊಂದನ್ನು ಹಿಂದೆ ಹಾಕುತ್ತಿರುವಾಗಲೇ ಪಿಸ್ಟನ್ ಕರಗಿ ಗಾಡಿ ನಿಂತುಬಿಡಬಹುದು. ಸಂಗಮನಾಥ ಪ್ರತಿ ಸೋಮವಾರ ಬೆಳಿಗ್ಗೆ ಔರಂಗಾಬಾದಿನ ಮನೆಯಿಂದ ನಾಸಿಕ್‌ನ ಕೆಲಸಕ್ಕೆ ಬರುತ್ತಿದ್ದ ರಸ್ತೆಯಲ್ಲಿ ಟ್ರಕ್ಕುಗಳಿಗೆ ಬರವಿರಲಿಲ್ಲ.

ಈ ಸಲ ಅವನ ತಾಯಿ ಪ್ರೇಮಾಬಾಯಿಯೂ ಬಂದಿದ್ದರು. ಗ್ಯಾರೇಜಿನ ಹಿಂದಿನ ಬೀದಿಯಲ್ಲೇ ಇದ್ದ ತಮ್ಮ ತಂಗಿಯ ಮನೆಗೆ ಅವರು ಇಲ್ಲಿಂದ ನಡೆದೇ ಹೋಗುವವರಿದ್ದರು. "ನಾ ಬಾಜೂಕ ಕುಂತ್ರ ಇಂವ ಜೋರ ಹೊಡಿಯಲ್ಲ್ರಿ ಸಾಹೇಬ್ರ," ಎಂದು ಬೀದರ್ ಕನ್ನಡದಲ್ಲಿ ವಿವರಣೆ ಕೊಟ್ಟು ಬೆಂಚಿನ ಮೇಲೆ ಕುಳಿತರು.

ಫಿಲ್ಟರಿನ ಹಿಂದೆ, ಒಳಗೆ ಹೋಗುವ ಗಾಳಿಯನ್ನು ಅಳೆಯುವ ಕೂದಲೆಳೆಯಂಥ ತಂತಿಯೊಂದು ಇರುತ್ತದೆ. ಕೇಶವಮೂರ್ತಿ ಅದನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರು. ತಂತಿಯ ಮೇಲೆ ಬಿಳಿ ಪುಡಿ. ರಸ್ತೆಯ ಧೂಳು ಇಷ್ಟು ನುಣ್ಣಗಿರುವುದಿಲ್ಲ. ಫಿಲ್ಟರನ್ನು ಬೆರಳಿನಿಂದ ಸವರಿ ಮೂಸಿದರು. ತಮ್ಮ ಮನೆಯ ದೇವರ ಗೂಡಿನ ವಾಸನೆ.

ಪುಡಿ ಹೊದ್ದ ತಂತಿ ಗಾಳಿಯನ್ನು ಕಡಿಮೆ ಅಳೆಯುತ್ತದೆ. ಗಾಡಿಯ ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ. ಒಂದೆರಡು ದಿನ ಓಡಿದರೆ ಪುಡಿ ಗಾಳಿಗೆ ಉದುರಿ ರೀಡಿಂಗ್ ತಾನೇ ಸರಿಯಾಗುತ್ತದೆ. ಪಾಪ, ಮೀಟರು ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು.

"ಫಿಲ್ಟರಿಗೆ ವಿಭೂತಿ ಹಚ್ಚಿದ್ದು ಯಾರಪ್ಪ?"

"ವಿಭೂತಿ?" ಎಂದ ಸಂಗಮನಾಥ.

"ನಾನೇ ಹಚ್ಚೀನ್ರಿ," ಎಂದು ಬೆಂಚಿನಿಂದ ಉತ್ತರ ಬಂತು. ಸಾರಿಗೆ ಉಪ್ಪು ಹಾಕಿದ್ದು ಯಾರೆಂದು ಕೇಳಿದಾಗ ಹೇಳುವ ದನಿ. "ಮೂರ ವಾರ ಆಯ್ತು, ಪ್ರತಿ ಸೋಮವಾರ ಹಚ್ಚತೀನಿ. ಎಣ್ಣಿ ನೋಡ್ಲಾಕ ಬಾನೆಟ್ ತಗದು, ಹಂಗೇ ಬಿಟ್ಟು ಚಾ ಕುಡೀಲಾಕ ಬರ್ತಾನ. ಆವಾಗ."

ದೂರ ಹೊರಡುವ ಮುನ್ನ ಎಣ್ಣೆ ನೋಡಬೇಕೆಂದು ನಿಯಮ ಮಾಡಿದವರು ಕೇಶವಮೂರ್ತಿಯೇ. ಅವರು ಕೆಮ್ಮಿದರು.

"ಅವ್ವಾ, ಎಂಜಿನ್‌ದಾಗ ಯಾರರ ಹಚ್ಚತಾರೇನು?"

"ಗಾಡಿ ಇಲ್ಲಿಂದೇ ಉಸರ ತಗೋತದ ಅಂತ ನೀನೇ ತೋರಿಸಿದ್ದಿ. ಮ್ಯಾಲ ಹಚ್ಚಿದ್ರ ಒರಸ್ತಿ. ನಿನ್ನ ಹಣಿಗಂತೂ ಹಚ್ಚಗೊಡಲ್ಲ, ಕಂಪನಿದಾಗ ನಗ್ತಾರ ಅಂತಿ. ನಿನ್ನ ಹಣಿ ಮುಟ್ಟಿ ಎರಡ ವರ್ಷ ಆಯ್ತು. ಮತ್ತ ಎಲ್ಲಿ ಹಚ್ಚಲಿ?" ಪ್ರೇಮಾಬಾಯಿ ಕೇಶವಮೂರ್ತಿಯ ಕಡೆ ತಿರುಗಿದರು. "ಇಂವ ಹೋಗಿ ಮುಟ್ಟೀನಿ ಅಂತ ಫೋನ್ ಮಾಡೂತನಕ ನಾ ಬಾಯಾಗ ನೀರ ಸುದ್ದಾ ಹಾಕಲ್ಲ್ರಿ."

ಕೇಶವಮೂರ್ತಿ ಫಿಲ್ಟರ್ ಬದಲಿಸಿ, ತಂತಿಯನ್ನು ಸ್ಪ್ರೇ ಹೊಡೆದು ತೊಳೆದರು. ಬೈಪಾಸಿನವರೆಗೆ ಹೋಗಿ ಬಂದರು. ಮೀಟರಿನಲ್ಲಿ ಹನ್ನೆರಡು. ದೋಷ ಬರೆದರು, ಕಾರಣ ಬರೆದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

"ಸಹಿ ಮಾಡ್ರಿ ಸರ್, ಎರಡಕ್ಕ ಶಿಫ್ಟ್ ಅದ."

"ಕಾರಣ ಹೋಗದೆ ಸಹಿ ಹೇಗೆ ಹಾಕ್ಲಿ? ಕಾರಣ ಅಲ್ಲಿ ಬೆಂಚಿನ ಮೇಲೆ ಕೂತಿದೆ." ಕೇಶವಮೂರ್ತಿ ಅತ್ತ ನೋಡಿ, "ಅಮ್ಮ, ಮುಂದಿನ ಸೋಮವಾರ ಏನು ಮಾಡ್ತೀರಿ?" ಎಂದರು.

"ಹಚ್ಚದೇ ಹ್ಯಾಂಗ ಕಳಸ್ಲಿ?" ಎಂದರು ಪ್ರೇಮಾಬಾಯಿ. ಜಗಳವಾಡುವ ಉದ್ದೇಶವೇನೂ ಅವರಿಗಿರಲಿಲ್ಲ.

ಸಂಗಮನಾಥ ಗೋಡೆಯ ಗಡಿಯಾರ ನೋಡಿದ. ಕೇಶವಮೂರ್ತಿಯ ಕೈಯಲ್ಲಿದ್ದ ಪೆನ್ನು ನೋಡಿದ. ಕೊನೆಗೆ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ತಳ್ಳಿ ಬೆಂಚಿನ ಮುಂದೆ ಬಗ್ಗಿದ. ಪ್ರೇಮಾಬಾಯಿ ಸೆರಗಿನ ಗಂಟು ಬಿಚ್ಚಿದರು. ಮೂರು ಬೆರಳು ಹಣೆಯ ಮೇಲೆ ಎಡದಿಂದ ಬಲಕ್ಕೆ, ಬೇಕಾದ್ದಕ್ಕಿಂತ ನಿಧಾನವಾಗಿ ಹೋದವು. ಅವರ ಕಣ್ಣು ತುಂಬಿತ್ತು.

'ಪರಿಹಾರ: ವಿಭೂತಿಯ ಜಾಗ ಬದಲಿಸಲಾಗಿದೆ,' ಎಂದು ಬರೆದ ಕೇಶವಮೂರ್ತಿ ಸಹಿಯ ಜಾಗವನ್ನು ಖಾಲಿ ಬಿಟ್ಟು ಬಾಗಿಲಿಗೆ ಬಂದು ನಿಂತರು. ಹೊರಟ ಕಾರು ಗೇಟಿನ ಬಳಿ ನಿಂತಿತು. ಸಂಗಮನಾಥ ಕನ್ನಡಿಯಲ್ಲಿ ಮುಖ ನೋಡಿಕೊಂಡ. ಕೈ ಮೇಲೆತ್ತಿದ.

"ಒರಸ್ಕೊಂಡನೇನ್ರಿ?" ಎಂದು ಪ್ರೇಮಾಬಾಯಿ ಬೆಂಚಿನಿಂದಲೇ ಕೇಳಿದರು. ಅವರಿಗೆ ಎದ್ದು ನೋಡುವ ಧೈರ್ಯವಿರಲಿಲ್ಲ.

ಮೇಲೆತ್ತಿದ ಕೈ ಕನ್ನಡಿಯನ್ನು ಸರಿಮಾಡಿ ಕೆಳಗಿಳಿಯಿತು. ಕಾರು ರಸ್ತೆಗೆ ಇಳಿದು ತಿರುವು ದಾಟುವವರೆಗೂ ಕೇಶವಮೂರ್ತಿ ನೋಡುತ್ತಲೇ ಇದ್ದರು. ಆಮೇಲೆ ಒಳಗೆ ಬಂದು ಸಹಿ ಹಾಕಿದರು.