ಬಲೆಯಿಲ್ಲದ ಗೋಲು

ಕಲಬುರಗಿಯ ಜಗತ್ ಸರ್ಕಲ್‌ನ ತಳ್ಳುಗಾಡಿಯಿಂದ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ನನಗೆ ಇಂದಿಗೂ ನೆನಪಾಗುವುದು ಒಂದು ಫುಟ್‌ಬಾಲ್ ಪಂದ್ಯ.

ಕಲಬುರಗಿಯ ರೋಜಾ ಬಡಾವಣೆಯ ತಂಡ ನಮ್ಮ ಕಮಲಾಪುರಕ್ಕೆ ಆಡಲು ಬಂದಿತ್ತು. ಗೆದ್ದವರು ಲೀಗಿನ ಫೈನಲ್‌ಗೆ ಹೋಗುತ್ತಿದ್ದರು. ನಮ್ಮ ಗೋಲ್‌ಕೀಪರ್ ಅವ್ವನ ತಮ್ಮ, ನನ್ನ ಮಾಮಾ. ವಿರಾಮದಲ್ಲಿ ಎರಡೂ ತಂಡದವರು ಒಂದೇ ಗೊನೆಯಿಂದ ಹಣ್ಣು ಕಿತ್ತು ತಿಂದಿದ್ದರು. ಯಾರೂ ಗೋಲು ಹೊಡೆಯದೆ ಆಟ ಮುಗಿಯುವ ಹೊತ್ತಿಗೆ ರೋಜಾದವರು ಒದ್ದ ಚೆಂಡು ಕಂಬವನ್ನು ಸವರಿಕೊಂಡು ಹಿಂದಿನ ಜಾಲಿಕಂಟಿಗೆ ಬಿತ್ತು. ಬಲೆ ಇರಲಿಲ್ಲ. ಒಳಗಿನಿಂದ ಹೋಯಿತೋ ಹೊರಗಿನಿಂದಲೋ, ಧೂಳಿನಲ್ಲಿ ರೆಫರಿಗೂ ಕಾಣಲಿಲ್ಲ.

ಅಂಥ ಹೊತ್ತಿನಲ್ಲಿ ಗೋಲ್‌ಕೀಪರನನ್ನೇ ಕೇಳುವುದು ನಮ್ಮ ಲೀಗಿನ ರೂಢಿ. ಅವನು ಹೇಳಿದ್ದೇ ತೀರ್ಪು. ಸೋಲಲಿರುವವನನ್ನೇ ಸಾಕ್ಷಿ ಮಾಡುವ ಈ ನಿಯಮ ಎಂಟು ವರ್ಷದ ನನಗೂ ಹುಚ್ಚುತನವೆನಿಸುತ್ತಿತ್ತು. ಆದರೆ ಅಂದು ಅದು ನಮ್ಮ ಪರವಾಗಿತ್ತು, ಆದ್ದರಿಂದ ಸುಮ್ಮನಿದ್ದೆ.

“ನೀವು ಹೇಳಿದ್ರ ಮುಗೀತು ನೋಡ್ರಿ ಅಣ್ಣಾ,” ಎಂದ ರೋಜಾದ ಕ್ಯಾಪ್ಟನ್. “ನಮ್ಮ ತಕರಾರಿಲ್ಲ.”

ಮಾಮಾ ಮೊಣಕೈಯ ಮಣ್ಣು ಒರೆಸಿಕೊಂಡ. “ಒಳಗ ಹೋಗ್ಯಾದ್ರಿ.”

“ದೊಡ್ಡ ಧರ್ಮರಾಯ ಬಂದಾನ,” ಎಂದು ನಮ್ಮವರೇ ಒಬ್ಬರು ಬೈದರು.

ಮನೆಯ ದಾರಿಯಲ್ಲಿ ನಾನು ವಾದ ಹೂಡಿದೆ. “ಮಾಮಾ, ನೀ ಹೊರಗ ಹೋಗ್ಯಾದ ಅಂದಿದ್ರ ಯಾರು ಇಲ್ಲ ಅಂತಿದ್ರು?”

“ಯಾರೂ ಅಂತಿರಲಿಲ್ಲ. ನಾ ನೋಡೀನಲ್ಲ,” ಎಂದ ಮಾಮಾ. “ಐತವಾರ ಕಲಬುರಗಿಗೆ ಫೈನಲ್ ನೋಡಾಕ ಹೋಗಾಮು. ರೋಜಾದವರ ಕಡಿ ಕೂಡಾಮು, ಛಲೋ ಆಡ್ತಾರ.”

ಅವರ ಕಡೆ ಯಾಕೆ ಕೂರಬೇಕು ಎಂದು ಮನೆ ಮುಟ್ಟುವವರೆಗೂ ವಾದಿಸಿದೆ. ಐತವಾರ ಮೊದಲ ಬಸ್ಸಿಗೆ ಅವನನ್ನು ಎಬ್ಬಿಸಿದ್ದು ನಾನೇ.